ಹೆಣ ಹಾದುಹೋಗುವ ಬೀದಿ

ಸತ್ತವರ ಮನೆಯ ಮಾತನ್ನು ಬೀದಿಗೆ ತರಬಾರದು ಎನ್ನುತ್ತಾರೆ. ಇದು ಬೀದಿಯಲ್ಲೇ ನಡೆದದ್ದು ಎಂಬ ಧೈರ್ಯದಿಂದ ಹೇಳುತ್ತಿರುವುದು, ಹೆಚ್ಚಾದರೆ ಕ್ಷಮೆಯಿರಲಿ.

ಮಗಳು ಬರಿಗಾಲಲ್ಲೇ ಹೊರಗೋಡಿ ಸೋಡಾ ಎಂಬ ಅಡ್ಡಹೆಸರಿನ ಮುದುಕನ ತೋಳು ಹಿಡಿದು ನಿಲ್ಲಿಸಿದಳು. ಒಳಗೆ ತೀರಿಕೊಂಡ ಅಪ್ಪನಿಗೆ ಇನ್ನೂ ಬಟ್ಟೆ ತೊಡಿಸುತ್ತಿದ್ದರು.

"ಎಲ್ಲಿಗೆ ಹೊರಟ್ರಿ, ಚಿಕ್ಕಪ್ಪಾ?"

"ಬಜಾರಿಗೆ. ಶಟರ್ ಇಳಿಸೋಕೆ ಹೇಳ್ಬೇಕಲ್ಲ? ನಮ್ಮೋನು ಹೋದ ಅಂದ್ರೆ ಬೀದಿ ತೆರೆದಿರುತ್ತಾ?"

"ಅಪ್ಪ ನಿಮ್ಮೋನಾಗಿದ್ದು ಯಾವ ಕಾಲದಲ್ಲಿ?"

ಸೋಡಾ ನಕ್ಕ. ಒಂದು ಕಾಲಕ್ಕೆ ಅವನೂ ಅಪ್ಪನೂ ಒಂದೇ ಗ್ಯಾಂಗಿನವರು. "ಈಗ ನನ್ನ ಮಂಡಿನೇ ನನ್ನ ಮಾತು ಕೇಳಲ್ಲಮ್ಮ. ಆದ್ರೂ ನಾನು ಕೆಮ್ಮಿದ್ರೆ ಬೀದಿ ಮುಚ್ಚುತ್ತೆ, ನೋಡ್ತಿರು."

ಅದು ಗ್ಯಾಂಗಿನ ಪದ್ಧತಿ. ತಮ್ಮವನೊಬ್ಬ ಸತ್ತರೆ ಹೆಣ ಹೋಗುವ ದಾರಿಯುದ್ದಕ್ಕೂ ಅಂಗಡಿ ಮುಚ್ಚಬೇಕು. ಮುಚ್ಚದವನ ಗಾಜು ಸಂಜೆಗೆ ಪುಡಿಪುಡಿ. ಎಷ್ಟು ಶಟರ್ ಇಳಿಯಿತೋ ಸತ್ತವನು ಅಷ್ಟು ದೊಡ್ಡವನು.

*

ಗ್ಯಾಂಗು ಬಿಟ್ಟದ್ದೇಕೆ ಎಂದು ಅಪ್ಪ ಮಗಳಿಗೆ ಹೇಳಿದ್ದು ಒಮ್ಮೆ ಮಾತ್ರ, ತನ್ನ ವರ್ಕ್‌ಶಾಪಿನಲ್ಲಿ, ಶಟರಿನ ಸ್ಪ್ರಿಂಗಿಗೆ ಗ್ರೀಸ್ ಹಚ್ಚುತ್ತ. ಗ್ಯಾಂಗಿನ ಬಾಸ್ ಸತ್ತ ದಿನ ಬೇಕರಿಯ ಶಟರನ್ನು ಅವನೇ ಎಳೆದು ಇಳಿಸಿದ್ದ. ಒಳಗಿಂದ ಹೆಂಗಸಿನ ಪಿಸುದನಿ ಕೇಳಿತ್ತು: "ಅಳ್ಬೇಡ ಕಂದಾ. ಅವ್ರು ಹೋಗ್ಲಿ, ಆಮೇಲೆ ಅಳು."

"ಮಗು ಅಳೋಕೂ ನನ್ನ ಅಪ್ಪಣೆ ಬೇಕಾಯ್ತಲ್ಲೇ," ಎಂದಿದ್ದ.

ಗ್ಯಾಂಗು ಅವನನ್ನು ಸುಮ್ಮನೆ ಬಿಡಲಿಲ್ಲ. ಎಡಗಿವಿಯ ಅರ್ಧ ಅಲ್ಲೇ ಉಳಿಯಿತು. ಶಟರ್ ರಿಪೇರಿ ಕಲಿತ. ಜೈಲಿನಿಂದ ಬಂದವರನ್ನು ಕರೆಕರೆದು ಅದೇ ಕೆಲಸ ಕಲಿಸಿದ. ಬೀದಿಯಲ್ಲಿ ಯಾರ ಶಟರ್ ಸಿಕ್ಕಿಕೊಂಡರೂ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ.

"ನಾನು ಹೋದಾಗ ಯಾರ ಅಂಗಡೀನೂ ಮುಚ್ಚಿಸ್ಬೇಡಿ. ಅವರವರ ಕೆಲಸದಲ್ಲಿ ಅವರಿರ್ಲಿ. ನಾನು ಸುಮ್ನೆ ಹಾದುಹೋಗ್ತೀನಿ," ಎಂದು ಮಗಳಿಗೆ ಹೇಳಿಟ್ಟಿದ್ದ.

*

ಸೋಡಾನ ಕುಂಟು ಮಂಡಿಗಿಂತ ಮುಂಚೆ ಮಗಳು ಬಜಾರು ಮುಟ್ಟಿದಳು. ನೋಡಿದರೆ, ಯಾರೂ ಹೇಳದೆಯೇ ಶಟರುಗಳು ಇಳಿಯುತ್ತಿದ್ದವು.

"ಯಾರ ಹೆದರಿಕೆಗೂ ಅಲ್ಲಮ್ಮ," ಎಂದ ಬೇಕರಿಯವನು. "ನಮ್ಮ ಮನುಷ್ಯ ಹೋದ. ಮುಚ್ಚೋದು ಮರ್ಯಾದೆ."

"ಮರ್ಯಾದೆಗೆ ಮುಚ್ಚಿದ್ದು, ಹೆದರಿ ಮುಚ್ಚಿದ್ದು, ನೋಡೋರಿಗೆ ಎರಡೂ ಒಂದೇ ಅಲ್ವೇನಣ್ಣಾ? ತೆರೀರಿ. ಅಪ್ಪ ಕೇಳಿದ್ದು ಅದೊಂದೇ."

"ತೆರೆದ್ರೆ ದುಡ್ಡಿನಾಸೆ ಅಂತಾರೆ, ಮುಚ್ಚಿದ್ರೆ ಪುಕ್ಕಲ ಅಂತಾರೆ," ಪಕ್ಕದ ದರ್ಜಿ ಗೊಣಗಿದ. "ಊರ ಬಾಯಿಗೆ ನಿಮ್ಮಪ್ಪನೂ ಒಂದು ಶಟರ್ ಮಾಡ್ಕೊಡ್ಲಿಲ್ಲ." ಗೊಣಗುತ್ತಲೇ ಮೇಲೆತ್ತಿದ. ಬೇಕರಿಯವನೂ ಎತ್ತಿದ.

ವರ್ಕ್‌ಶಾಪಿನವರ ಹೆಗಲ ಮೇಲೆ ಅಪ್ಪ ಬಂದ. ದರ್ಜಿಯ ಮಿಷನ್ ಓಡುತ್ತಿತ್ತು. ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸದೆ ತಲೆ ತಗ್ಗಿಸಿದರು. ಸೋಡಾ ಕೊನೆಯಲ್ಲಿ ಕುಂಟುತ್ತ ಬಂದ. ಅವನು ಕೆಮ್ಮಿದ್ದು ಯಾರಿಗೂ ಕೇಳಿಸಲಿಲ್ಲ.

ತಿರುವಿನಲ್ಲಿ ಒಂದೇ ಒಂದು ಅಂಗಡಿ ಮುಚ್ಚಿತ್ತು. ಗಡಿಯಾರ ರಿಪೇರಿಯವನದು.

"ನೋಡ್ದ್ಯಾ?" ಸೋಡಾನ ಮುಖ ಅರಳಿತು. "ಒಬ್ನಿಗಾದ್ರೂ ನಮ್ಮ ಭಯ ಇದೆ."

"ಭಯ ಅಲ್ಲ, ಸಂಕಟ," ಎಂದ ಜೊತೆಗೆ ಬರುತ್ತಿದ್ದ ಬೇಕರಿಯವನು. "ಅವನು ನಾಲ್ಕು ಜನರೆದುರು ಅಳೋನಲ್ಲ."

ಮಗಳು ಹತ್ತಿರ ಹೋದಳು. ಶಟರ್ ನೆಲ ಮುಟ್ಟಿರಲಿಲ್ಲ. ಗೇಣುದ್ದ ಸಂದಿಯಲ್ಲಿ ದೀಪದ ಬೆಳಕು. ಬೆಳಕಿನಲ್ಲಿ ಬೀದಿಗೆ ಮುಖಮಾಡಿ ನಿಂತ ಎರಡು ಪಾದಗಳು. ಒಂದೇ ಎಳೆತಕ್ಕೆ ಮೇಲೇಳುವ ಶಟರ್ ಅದು. ಬಾಗಿ ಹಿಡಿಕೆಗೆ ಕೈ ಹಾಕಿದಳು. ಹಾಕಿದ ಕೈ ತೆಗೆದಳು.

ಹೆಣ ತಿರುವು ದಾಟುವವರೆಗೂ ಆ ಪಾದಗಳು ಕದಲಲಿಲ್ಲ. ಭಯವೋ, ಸಂಕಟವೋ, ಹಳೆಯ ಸಿಟ್ಟೋ, ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಇವತ್ತಿಗೂ ಯಾರಿಗೂ ಗೊತ್ತಿಲ್ಲ.