ತೊಟ್ಟಿಲ ಗಾಡಿ

"ಅಲ್ಲಿ ಕಟ್ಟಿರೋ ಬ್ಯಾನರಿನಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಯಜಮಾನ್ರೆ," ಎಂದು ಓಟಕ್ಕೆ ಮುಂಚೆ ಚಾಲಕರ ಕಣ್ಣು ಪರೀಕ್ಷಿಸುತ್ತಿದ್ದ ಡಾಕ್ಟರು ಕೇಳಿದಾಗ ಮಹಮ್ಮದ್ ಗೌಸ್ ಗಡ್ಡ ನೀವಿಕೊಂಡು ನಿರಾಳವಾಗಿ ಹೇಳಿದರು: "ಹಳೇ ಮೋಟಾರು ಹಬ್ಬ, ಚಿತ್ರದುರ್ಗ. ಶನಿವಾರ ನೋಟ, ಭಾನುವಾರ ಓಟ."

ಒಂದಕ್ಷರವೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಬೆಳಿಗ್ಗೆ ಗೇಟಿನಲ್ಲಿ ಮಗಳು ಅಂಜುಮ್ ಅದನ್ನೇ ಗಟ್ಟಿಯಾಗಿ ಓದಿದ್ದಳು. ಅಬ್ಬಾನ ಎಡಗಣ್ಣಿಗೆ ಪೊರೆ ಬಂದಿರುವುದು ಅವಳೊಬ್ಬಳಿಗೇ ಗೊತ್ತಿತ್ತು. ಡಾಕ್ಟರು ಅವರ ಮಣಿಕಟ್ಟಿಗೆ ಓಡಿಸಬಹುದೆಂಬ ಗುರುತಿನ ಹಸಿರು ಪಟ್ಟಿ ಕಟ್ಟುವಾಗ ಹೇಳಿಬಿಡೋಣವೆಂದು ಬಾಯಿ ತೆರೆದವಳು ಸುಮ್ಮನಾದಳು. ಆಪರೇಷನ್ ಬೇಡವೇ ಬೇಡ ಎಂದು ವರ್ಷದಿಂದ ಹಠ ಹಿಡಿದಿದ್ದ ಮುದುಕರು ಮೊನ್ನೆಯಷ್ಟೇ ಒಂದು ಒಪ್ಪಂದಕ್ಕೆ ಬಂದಿದ್ದರು. "ಇದೊಂದು ಸಲ ಓಡಿಸಿಬಿಡ್ತೀನಿ ಬೇಟಾ. ಆಮೇಲೆ ಕಣ್ಣು ನಿನ್ನ ಡಾಕ್ಟ್ರಿಗೆ ಒಪ್ಪಿಸ್ತೀನಿ." ಮನೆಯಲ್ಲಿ ಅವರದು ಉರ್ದು. ಗಾಡಿಯ ವಿಷಯ ಬಂತೆಂದರೆ ಮಾತ್ರ ತಂದೆ ಮಗಳು ಇಬ್ಬರೂ ಗ್ಯಾರೇಜಿನ ಕನ್ನಡಕ್ಕೆ ಇಳಿದುಬಿಡುತ್ತಿದ್ದರು.

ಗಾಡಿ ಎಂದರೆ ಪಕ್ಕಕ್ಕೆ ಒಂಟಿಚಕ್ರದ ಪೆಟ್ಟಿಗೆ ಜೋಡಿಸಿದ ಹಳೆಯ ಮೋಟಾರ್ ಸೈಕಲ್. ಬೇರೆಯವರು ಸೈಡ್‌ಕಾರ್ ಎನ್ನುವುದನ್ನು ಇವರ ಓಣಿಯವರು ತೊಟ್ಟಿಲು ಎನ್ನುತ್ತಿದ್ದರು. ಅಂಜುಮ್ ಶಾಲೆಗೆ ಹೋದದ್ದು ಅದರಲ್ಲೇ. ಆಗ ತೊಟ್ಟಿಲಿನ ಅಂಚು ಅವಳ ಕಣ್ಣಿಗಿಂತ ಎತ್ತರ. ಒಳಗೆ ಕುಳಿತವಳಿಗೆ ಆಕಾಶ ಬಿಟ್ಟು ಬೇರೇನೂ ಕಾಣದು. ಅಬ್ಬಾ ಮೇಲಿನಿಂದ ಒಂದೊಂದೇ ಹೇಳುತ್ತಿದ್ದರು: "ಕುರಿಮಂದೆ ಬಂತು. ಲಾರಿ ಬಂತು. ನಿಮ್ಮ ಟೀಚರು ನಡ್ಕಂಡು ಹೊಂಟವ್ರೆ." ದೊಡ್ಡವಳಾದ ಮೇಲೆ ಅದನ್ನೇ ಓಡಿಸುತ್ತ ಸಿರಿಗೆರೆಯವರೆಗೂ ಹೋಗಿ ಬಂದಿದ್ದಾಳೆ. ಅವಳು ತಿರುಗಿ ಬರುವ ತನಕ ಅಬ್ಬಾ ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಇರುತ್ತಿದ್ದರು. ತೊಟ್ಟಿಲಲ್ಲಿ ಮಾತ್ರ ಒಂದು ದಿನವೂ ಕುಳಿತವರಲ್ಲ.

ಶನಿವಾರವೆಲ್ಲ ಬರೀ ಒರೆಸುವುದೇ ಆಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ, ಓಡುವ ಗಾಡಿಗಿಂತ ಹೊಳೆಯುವ ಗಾಡಿಗೇ ಅಲ್ಲಿ ಮರ್ಯಾದೆ. ರೇಷ್ಮೆ ಸೀರೆಯುಟ್ಟ ಹೆಂಗಸರು ಯಾರದೋ ಕಾರಿನ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಂಡರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿಯಲ್ಲಿ ಎಣ್ಣೆ ಬಾಣಲೆ ಒಲೆಯಿಂದ ಇಳಿಯಲೇ ಇಲ್ಲ.

ಗೌಸರ ಹಳೇ ಗೆಳೆಯ ಅಜ್ಜಪ್ಪ ಆದಿವಾಲದಿಂದ ಬಂದದ್ದು ಭಾನುವಾರ ಬೆಳಿಗ್ಗೆ, ಕಂಕುಳಲ್ಲಿ ತನ್ನ ಹೊಲದ ಬೂದುಗುಂಬಳಕಾಯಿ ಇಟ್ಟುಕೊಂಡು. ನಿವಾಳಿಸಿ ಒಡೆಯದೆ ಆತನ ಮನೆಯ ಟ್ರ್ಯಾಕ್ಟರು ಸಹ ಹೊಸಿಲು ದಾಟಿದ್ದಿಲ್ಲ.

"ಈಗ್ಲೇ ಒಡೀಬ್ಯಾಡ್ರಿ ಅಜ್ಜಪ್ಪಮಾಮ, ಹಿಂದೆ ಬರೋ ಗಾಡಿ ಜಾರ್ತಾವೆ," ಎಂದಳು ಅಂಜುಮ್. "ಮುಗಿದ ಮ್ಯಾಲೆ ಒಡೀರಿ."

"ಹಂಗೇ ಆಗ್ಲಿ ಬಿಡವ್ವ. ಅದ್ಸರಿ, ಇಲ್ಲಿ ಜೋರಾಗಿ ಓಡಿದೋರಿಗೆ ಕಪ್ ಇಲ್ಲಂತಲ್ಲ?"

"ಇಲ್ಲ ಕಣಲೇ," ಎಂದರು ಗೌಸ್. "ಎರಡು ಸುತ್ತು. ಎರಡನ್ನೂ ಒಂದೇ ಹದದಾಗೆ, ಅಷ್ಟೇ ಹೊತ್ತಿನಾಗೆ ಓಡಿಸಿದೋರು ಗೆದ್ದಂಗೆ."

"ಹಂಗಾದ್ರೆ ನಮ್ಮ ಎತ್ತಿನ ಗಾಡಿನೇ ತರಬೋದಿತ್ತು," ಎಂದು ನಗುತ್ತ ಅಜ್ಜಪ್ಪ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆಗೆ ಹೋದ. ಎರಡು ಸುತ್ತು ಎಂಬ ಮಾತು ಆ ನಗೆಯಲ್ಲೇ ಹಾರಿಹೋಗಿತ್ತು.

ಊರಾಚೆ ನಿವೇಶನಗಳಾಗಿ, ಮನೆಗಳು ಮಾತ್ರ ಏಳದೆ ಉಳಿದ ಬಡಾವಣೆಯ ಟಾರು ರಸ್ತೆಯೇ ಓಟದ ದಾರಿ. ಅಂಜುಮ್ ತೊಟ್ಟಿಲಲ್ಲಿ ಕುಳಿತು ಎಡಗಡೆಗೆ ಕಣ್ಣಾದಳು. "ಎಡಕ್ಕೆ ಟೈರು ಪೇರ್ಸವ್ರೆ ಅಬ್ಬಾ. ಹಾಂ, ಈಗ ತಿರುಗಿಸ್ರಿ." ಅಬ್ಬಾ ಒಂದೂ ತಪ್ಪದೆ ತಿರುಗಿಸಿದರು. ಅವರ ಶರ್ಟು ಗಾಳಿಗೆ ಉಬ್ಬಿತ್ತು. ಇಷ್ಟು ಖುಷಿಯಾಗಿ ಅವರನ್ನು ನೋಡಿ ಎಷ್ಟು ಕಾಲವಾಯಿತೋ. ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು ಅವಳಿಗೆ.

ಮೊದಲ ಸುತ್ತು ಮುಗಿಯುತ್ತ ಬಂತು. ಗೆರೆ ದಾಟಬೇಕು ಎನ್ನುವಷ್ಟರಲ್ಲಿ ಅಜ್ಜಪ್ಪ ಹಗ್ಗದಡಿ ನುಸುಳಿ ರಸ್ತೆಯ ನಡುವೆ ಬಂದುಬಿಟ್ಟ. ಅವನ ಲೆಕ್ಕದಲ್ಲಿ ಓಟ ಮುಗಿದಿತ್ತು. ಗಾಡಿಗೆ ಎದುರಾಗಿ ನಿಂತು, ಕಾಯಿಯನ್ನು ಮೂರು ಸಲ ಗಾಳಿಯಲ್ಲಿ ಸುತ್ತಿಸಿ ಧೊಪ್ಪೆಂದು ಒಡೆದ. ಗೌಸ್ ವೇಗ ತಗ್ಗಿಸಲಿಲ್ಲ.

"ಅಬ್ಬಾ, ಬ್ರೇಕ್!"

ಮಗಳ ದನಿಗೆ ಅವರ ಕಾಲು ಬ್ರೇಕಿನ ಮೇಲೆ ಬಿತ್ತು. ಮುಂದಿನ ಚಕ್ರ ಕಾಯಿಯ ತಿರುಳಿನ ಮೇಲೆ ಜಾರಿ, ಗಾಡಿ ಅರ್ಧ ತಿರುಗಿ, ಅಜ್ಜಪ್ಪನ ಪಂಚೆಗೆ ಒಂದು ಮೊಳ ದೂರದಲ್ಲಿ ನಿಂತಿತು. ಎಂಜಿನ್ನೂ ನಿಂತಿತು. ಅಜ್ಜಪ್ಪ ಬಾಯಿ ತೆರೆದುಕೊಂಡು ನಿಂತಲ್ಲೇ ಇದ್ದ.

ಗೌಸ್ ಅವನತ್ತಲೇ ಮುಖ ಮಾಡಿ ಮಗಳನ್ನು ಕೇಳಿದರು: "ಯಾಕೆ ಕೂಗ್ದೆ? ಏನಿತ್ತು ಅಲ್ಲಿ?"

ಅಂಜುಮ್‌ಗೆ ಆಗ ಹೊಳೆಯಿತು. ಎಡಗಣ್ಣೊಂದೇ ಅಲ್ಲ, ಬಲಗಣ್ಣಿಗೂ ಪೊರೆ ಬಂದಿತ್ತು. ಅವಳಿಗೂ ಹೇಳದೆ ಮುಚ್ಚಿಟ್ಟಿದ್ದರು.

"ನಾನು ಕಣೋ ಗೌಸಣ್ಣ," ಎಂದ ಅಜ್ಜಪ್ಪ, ಮೆಲ್ಲಗೆ.

ಗೌಸ್ ಕೈ ಚಾಚಿದರು. ಪಂಚೆ ಸಿಕ್ಕಿತು, ಆಮೇಲೆ ತೋಳು. ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕುಳಿತರು. ಗೆರೆಯ ಬಳಿ ನಿಂತಿದ್ದ ಬಾವುಟದವನು ಓಡಿ ಬಂದು ಏಟಾಯಿತೇ ಎಂದು ವಿಚಾರಿಸಿದ. ಅವರು ಅವನನ್ನೇ ಕೇಳಿದರು: "ಮಿಕ್ಕಿದ ಸುತ್ತು ನನ್ನ ಮಗಳು ಓಡಿಸಬೋದಾ ಸರ್? ಅವಳತ್ರ ಲೈಸೆನ್ಸ್ ಐತೆ."

"ಓಡಿಸಬಹುದು. ಆದರೆ ಕಪ್ ಸಿಗೋದಿಲ್ಲ ಯಜಮಾನ್ರೆ, ಹೊತ್ತು ಮೀರಿತು."

"ಕಪ್ ಯಾರಿಗೆ ಬೇಕಾಗೈತೆ," ಎಂದು ಗೌಸ್ ಕೆಳಗಿಳಿದರು.

ಅಂಜುಮ್ ಡಾಕ್ಟರಿಗೆ ಹೇಳದೆ ಮುಚ್ಚಿಟ್ಟ ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆದಳು. ಅಬ್ಬಾ ಬೇಡವೆಂದು ಕೈಯಾಡಿಸಿದರು. ತೊಟ್ಟಿಲಿನ ಅಂಚನ್ನು ತಡವಿ, ಬಾಗಿಲು ಹುಡುಕಿ ಒಳಗೆ ಕುಳಿತರು. ಉದ್ದ ಕಾಲು ಹಿಡಿಸದೆ ಮೊಣಕಾಲು ಎದೆಗೆ ಬಂದವು. ಅಜ್ಜಪ್ಪ ಹೆಗಲ ಟವೆಲ್ ತೆಗೆದು, ಕುಕ್ಕರುಗಾಲಲ್ಲಿ ಕೂತು ಕಾಯಿಯ ಚೂರುಗಳನ್ನು ರಸ್ತೆಯ ಬದಿಗೆ ಬಳಿಯತೊಡಗಿದ್ದ.

ಅವಳು ಒದ್ದು ಎಂಜಿನ್ ಎಬ್ಬಿಸಿದಳು. ಮೈಕಿನವನು ಏನೋ ಕೂಗುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ತಿರುವು ದಾಟಿದ ಮೇಲೆ ಆ ಗದ್ದಲವೆಲ್ಲ ಹಿಂದುಳಿಯಿತು. ಅಬ್ಬಾ ಮುಖವನ್ನು ಗಾಳಿಗೆ ಒಡ್ಡಿ ಕುಳಿತಿದ್ದರು.

"ಗುಡ್ಡದ ಮ್ಯಾಲೆ ಗಾಳಿಯಂತ್ರ ಅವೆ ಅಬ್ಬಾ," ಎಂದಳು ಅಂಜುಮ್. "ಎಲ್ಲಾ ತಿರುಗ್ತಾ ಅವೆ. ಒಂದು ಮಾತ್ರ ನಿಂತೈತೆ."

"ಹಾಂ," ಎಂದರು ಅವರು. "ಇನ್ನೇನೈತೆ?"

"ಕುರಿಮಂದೆ ಬಂತು."