ಪ್ಲೇಗಿನ ಬಯಲ ಬಾಡಿಗೆದಾರರು

ಬೀರವ್ವ ಮುಂಡರಗಿ ಸಂತೆಯಲ್ಲಿ ಕುರಿಯ ಹಿಂಡನ್ನೇ ಮಾರಿದ ಸುದ್ದಿ ಶಿಗ್ಲಿಗೆ ಮುಟ್ಟಿದ ದಿನವೇ ಅವಳ ಮೈದುನಂದಿರು ಆ ದುಡ್ಡಿನಲ್ಲಿ ಏನೇನು ಮಾಡಬೇಕೆಂದು ಗೊತ್ತು ಮಾಡಿಬಿಟ್ಟರು. ಒಬ್ಬ ಮಗಳ ಮದುವೆ ಅಂದ, ಇನ್ನೊಬ್ಬ ಎತ್ತಿನ ಜೋಡಿ ಅಂದ. ಬೀರವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಆದ್ದರಿಂದ ಖರ್ಚೂ ಇಲ್ಲ ಎಂಬುದು ಅವರ ಲೆಕ್ಕ. ಅವಳು ಅವರಿಗೆ ಹೊಟ್ಟೆ ತುಂಬ ರೊಟ್ಟಿ ಹಾಕಿದಳು, ಮಾತು ಮಾತ್ರ ಕೊಡಲಿಲ್ಲ. ಮುಪ್ಪಿನಲ್ಲಿ ಯಾರ ಕಟ್ಟೆಯ ಮೇಲೂ ಕೂತು ಉಣ್ಣಬಾರದು, ಆ ಹಿಂಡಿನ ದುಡ್ಡೇ ತನ್ನನ್ನು ಸಾಕಬೇಕು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಹಿಂಡನ್ನು ಎರಡನೆಯ ಸಲ ಮಾರಲು ಬರುವುದಿಲ್ಲ. ಈಗ ಕೈ ತಪ್ಪಿದರೆ ಮೈದುನರ ಮನೆಯ ಕಟ್ಟೆಯೇ ಗತಿ.

ಹಿಂಡಿನಲ್ಲಿ ಕಾಲು ಪಾಲು ತಮ್ಮ ಸಕ್ರಪ್ಪನದಿತ್ತು. ಶಿರಹಟ್ಟಿ ಕಡೆಯ ಗುಡ್ಡ ಇಳಿಯುವಾಗ ಮೊಣಕಾಲು ಮುರಿದುಕೊಂಡ ಮೇಲೆ ಅವನಿಗೆ ಕುರಿಗಳ ಹಿಂದೆ ನಡೆಯುವುದು ಆಗುತ್ತಿರಲಿಲ್ಲ. ಅವನ ಆಸೆ ಇದ್ದದ್ದು ಕರಿಮಣ್ಣಿನ ಹೊಲದ ಮೇಲೆ.

"ಯಕ್ಕಾ, ಒಂದು ಎರಿ ಹೊಲ ಹಿಡಿಯೂಣು. ಹೊಲ ಅಂದ್ರ ಹೊಲ."

"ಉಳಾಕ ಯಾರದಾರೋ? ನಿನಗ ಮೊಣಕಾಲಿಲ್ಲ, ನನಗ ಗಂಡಿಲ್ಲ. ಇಬ್ರೂ ಬದುವಿನ ಮ್ಯಾಲೆ ಕುಂತು ಕಸ ಬೆಳಿಯೂದು ನೋಡೂಣೇನು?"

ಅವಳು ಮನಸ್ಸು ಮಾಡಿದ್ದು ಬೆಟಗೇರಿಯ ಹೊರಗಿನ ಪ್ಲೇಗಿನ ಬಯಲಿನ ಮೇಲೆ. ಹಿಂದೆ ಪ್ಲೇಗು ಬಂದಾಗ ಊರು ಬಿಟ್ಟವರು ಅಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಪ್ಲೇಗು ಹೋಯಿತು, ಶೆಡ್ಡು ಉಳಿದವು. ತಗಡು, ಕಂಬ, ಬಾಗಿಲು ಎಲ್ಲವೂ ಇದ್ದವರವೇ. ಕೆಳಗಿನ ನೆಲ ಮಾತ್ರ ಲಕ್ಷ್ಮೇಶ್ವರದ ದೇವೇಂದ್ರಪ್ಪನದು. ಅವನಿಗೆ ತಿಂಗಳಿಗೊಮ್ಮೆ ನೆಲಬಾಡಿಗೆ ಕೊಟ್ಟರೆ ಆಯಿತು. ಬೇಡವಾದವರು ಬೋಲ್ಟು ಬಿಚ್ಚಿ, ಮನೆಯನ್ನೇ ಬಂಡಿಗೆ ಹೇರಿಕೊಂಡು ಹೋಗಬಹುದು. ಆ ನೆಲ ಈಗ ಮಾರಾಟಕ್ಕಿತ್ತು.

"ಬಂಡಿ ಮ್ಯಾಲೆ ಹೇರಿಕೊಂಡು ಹ್ವಾದ್ರ ನಮಗ ಉಳಿಯೂದು ಒಲಿ ಬೂದಿ," ಅಂದ ಸಕ್ರಪ್ಪ.

"ಅದನ್ನ ನೋಡಾಕ ಹೊಂಟೀವಿ. ಇಷ್ಟು ವರ್ಷ ಮಂದಿ ಹೊಲದಾಗ ರಾತ್ರಿ ಕುರಿ ತರುಬಿ ನಿಂದ್ರಿಸಿದ್ವಿ. ಗೊಬ್ಬರ ಬಿತ್ತಂತ ನಿಂತಿದ್ದಕ್ಕ ನಮಗ ಕಾಳು ಅಳದು ಕೊಟ್ರು. ಇನ್ನ ಮ್ಯಾಲೆ ನಿಂತೋರು ನಮಗ ಕೊಡ್ಲಿ."

ದೇವೇಂದ್ರಪ್ಪ ಕೊಡೆ ಹಿಡಿದುಕೊಂಡು ಬಯಲಿನಲ್ಲಿ ಕಾಯುತ್ತಿದ್ದ. ಸಾವ್ಕಾರನಾದರೂ ಮಾರುವ ಅವಸರ ಅವನ ಮುಖದಲ್ಲಿ ಕಾಣುತ್ತಿತ್ತು. ತನ್ನ ಊರು ಸೇರಿದ್ದ ಮಿರಜ ಸಂಸ್ಥಾನ ಹೋದಾಗ ಅವನು ಒಂದು ಸಲ ಕೈ ಸುಟ್ಟುಕೊಂಡಿದ್ದ. ಇನ್ನೊಂದು ತಿಂಗಳಿಗೆ ಕನ್ನಡದ ಸೀಮೆಗಳೆಲ್ಲ ಒಂದಾಗಿ ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬರುವುದಿತ್ತು. ಹೊಸ ಸರಕಾರ ಯಾವ ಕಾಯ್ದೆ ತರುತ್ತದೋ ಎಂಬ ಭಯಕ್ಕೆ ಅವನು ಗದಗ ಕಡೆಯ ಆಸ್ತಿ ಕರಗಿಸುತ್ತಿದ್ದ.

"ನೋಡು ಬೀರವ್ವಾ, ಇಲ್ಲಿರೋರೆಲ್ಲ ಹಮಾಲ್ರು. ಹತ್ತಿ ಜಿನ್ನಿನಾಗ ದುಡಿಯೋರು. ಗೂಟ ಹುಗೀರಿ, ನೆಲ ಅಗೀಬ್ಯಾಡ್ರಿ ಅಂತ ಮದಲ ತಾಕೀತು ಮಾಡೀನಿ. ಇವತ್ತ ಏಳಂದ್ರ ನಾಳೆ ತಗಡು ಬಿಚ್ಚತಾರ."

ಇದೇ ಅವನ ಮಾಲಿನ ದೊಡ್ಡ ಹೆಚ್ಚುಗಾರಿಕೆ. ಬಾಡಿಗೆ ಕಾಯ್ದೆ ಬಂದ ಮೇಲೆ ಕೂತವರನ್ನು ಎಬ್ಬಿಸುವುದು ಕೋರ್ಟಿನ ಕೆಲಸವಾಗಿತ್ತು. ತಾವಾಗಿ ಎದ್ದು ಹೋಗುವವರಿರುವ ನೆಲ ಸಿಗುವುದು ಕಷ್ಟ. ಗೋದಾಮು ಕಟ್ಟಲು ಒಬ್ಬ ಹತ್ತಿ ವ್ಯಾಪಾರಿ ಸೋಮವಾರ ನೋಡಲು ಬರುತ್ತಾನೆ, ನೀನು ಮೊದಲು ಕೇಳಿದೆಯೆಂದು ನಿನಗೆ ಮೊದಲು ತೋರಿಸುತ್ತಿದ್ದೇನೆ ಎಂದೂ ಅವನು ಹೇಳಿದ.

"ನೋಡೂಣ್ರಿ ಸಾವ್ಕಾರ್ರ," ಎಂದು ಬೀರವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊರಟಳು.

ಅವಳು ಶೆಡ್ಡುಗಳನ್ನು ಎಣಿಸಲಿಲ್ಲ, ನೆಲ ಅಳೆಯಲಿಲ್ಲ. ಬಾವಿಯ ಕಟ್ಟೆಗೆ ಹೋಗಿ ಹಗ್ಗ ಸವೆಸಿದ ಗೀರುಗಳ ಮೇಲೆ ಬೆರಳಾಡಿಸಿದಳು. ಆಳವಾದ ಗೀರು, ಈ ಬಾವಿಯ ನೀರನ್ನು ಮಂದಿ ಬಹಳ ದಿನದಿಂದ ಕುಡಿಯುತ್ತಿದ್ದಾರೆ. ಆಮೇಲೆ ಇಳಿಜಾರಿನ ಕಡೆ ಕಾಲೂರುತ್ತ ನಡೆದಳು. ಹೊಲದಲ್ಲಿ ಕುರಿ ತರುಬುವ ಮೊದಲು ಅವಳು ನಡೆಯುತ್ತಿದ್ದುದೇ ಹೀಗೆ. ಹಸಿ ನೆಲದಲ್ಲಿ ನಿಲ್ಲಿಸಿದರೆ ಕುರಿಯ ಗೊರಸು ಕೊಳೆಯುತ್ತದೆ. ಸಕ್ರಪ್ಪನಿಗೆ ಆ ನಡಿಗೆ ಚೆನ್ನಾಗಿ ಗೊತ್ತು. ಅದನ್ನು ಊರಾಚೆಯ ಒಂದು ಬಯಲಿನಲ್ಲಿ, ಕೊಡೆ ಹಿಡಿದ ಸಾವ್ಕಾರನ ಎದುರು ನೋಡಿ ಅವನಿಗೆ ನಾಚಿಕೆಯಾಯಿತು.

ಕೊನೆಗೆ ಬಾನುಬಿ ಎಂಬ ಮುದುಕಿಯ ಶೆಡ್ಡಿಗೆ ಹೊಕ್ಕು ನೀರು ಕೇಳಿದಳು. ಮುದುಕಿ ಚೊಂಬು ಕೊಟ್ಟು, ಕೇಳುವ ಮೊದಲೇ "ನನ್ನ ಮಗ ಹಮಾಲ ಅದಾನ್ರಿ" ಅಂದಳು. ಬೀರವ್ವ ನೀರು ಕುಡಿದಳು, ಚಾಪೆಯ ಮೇಲೆ ಎರಡು ಹೆಜ್ಜೆ ಇಟ್ಟಳು, ಹೊರಗೆ ಬಂದಳು.

ಗದಗಿನ ರಸ್ತೆಗೆ ಬಂದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

"ಹಮಾಲನ ಮನ್ಯಾಗ ಅಷ್ಟು ಗಂಜಿ ವಾಸನಿ ಯಾಕೋ ತಮ್ಮಾ? ಚಾಪಿ ಮ್ಯಾಲೆ ಕಾಲಿಟ್ರ ಢಬ್ ಅಂತೈತಿ. ಕೆಳಗ ಹಲಗಿ, ಹಲಗಿ ಕೆಳಗ ಕುಣಿ."

ಸಕ್ರಪ್ಪನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಪ್ಪ ನೂಲಿಗೆ ಗಂಜಿ ಹಾಕಿ ಕಂಬಳಿ ನೇಯುತ್ತಿದ್ದವನು. ಕುಣಿ ಮಗ್ಗದಲ್ಲಿ ನೇಕಾರ ನೆಲಕ್ಕೆ ಕೂತು, ಮುಂದಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಾನೆ. ಅಕ್ಕ ತಮ್ಮ ಇಬ್ಬರೂ ಅಂಥ ಕುಣಿಯಲ್ಲಿ ಬಿದ್ದು ಎದ್ದು ಬೆಳೆದವರು.

"ಹಮಾಲ್ರಲ್ಲ, ನೇಕಾರ್ರು! ಸಾವ್ಕಾರ ನಮಗ ಸುಳ್ಳು ಹೇಳಿದ."

"ಅವಗ ಗೊತ್ತಿಲ್ಲೋ. ಅಂವ ಬರ್ತಾನಂದ್ರ ಮಗ್ಗದ ಹಾಸು ನೂಲು ಸುತ್ತಿ ಜಂತಿಗೆ ಕಟ್ಟಿ, ಕುಣಿ ಮುಚ್ಚಿ ಕುಂಡರ್ತಾರ. ಬಾಡಿಗಿ ಎತ್ತೋ ಗುಮಾಸ್ತಗ ಮದಲ ಖಬರ ಕೊಡಾಕ ವರ್ಷಕ್ಕೊಂದು ಸೀರಿ ಮುಟ್ಟತಿರಬೇಕು."

"ಹಂಗಾದ್ರ ಮುಗೀತು ಬಿಡು. ನೆಲ ಅಗದು ಕುಂತೋರು ಏಳೂದಿಲ್ಲ."

ಬೀರವ್ವ ರಸ್ತೆಯ ನಡುವೆ ನಿಂತಳು. "ಏಳೋರು ನನಗ್ಯಾಕಲೇ? ಗೋದಾಮ ಕಟ್ಟತೀನೇನು ನಾ? ನನಗ ತಿಂಗಳಾ ಬಾಡಿಗಿ ಬೇಕು. ತಗಡು ಬಿಚ್ಚಬೌದು, ಕಂಬ ಕೀಳಬೌದು. ಕುಣಿ ಕಿತ್ತು ಬಂಡ್ಯಾಗ ಹಾಕಾಕ ಬರ್ತೈತೇನು?"

ಸಕ್ರಪ್ಪನಿಗೆ ಆಗ ಹೊಳೆಯಿತು. ಸಾವ್ಕಾರ ಹಿರಿಮೆ ಎಂದು ತೋರಿಸಿದ್ದನ್ನು ಅಕ್ಕ ದೋಷ ಎಂದು ಬದಿಗಿಟ್ಟಿದ್ದಳು. ಆ ಜನ ದೋಷವೆಂದು ಹೆದರಿ ಮುಚ್ಚಿಟ್ಟದ್ದಕ್ಕೆ ಬೆಲೆ ಕಟ್ಟಿದ್ದಳು.

ಶನಿವಾರ ಇಬ್ಬರೇ ಮತ್ತೆ ಹೋದರು. ಬಾನುಬಿ ಬಾಗಿಲಲ್ಲೇ "ಮಗ ಹಮಾಲಿಗೆ ಹೋಗ್ಯಾನ್ರಿ" ಅಂದಳು. ಬೀರವ್ವ ಒಳಗೆ ನಡೆದು ಚಾಪೆ ಸರಿಸಿ, ಹಲಗೆ ಎತ್ತಿ ಗೋಡೆಗೆ ಒರಗಿಸಿ, ಸೀರೆ ಎತ್ತಿ ಕಟ್ಟಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು.

"ಥಂಡಿ ಐತಲ್ಲಬೇ. ಮಳಿಗಾಲದಾಗ ನೀರು ಬರ್ತೈತೇನು?"

ಬಾನುಬಿಯ ಮುಖ ಬಿಳಿಚಿಕೊಂಡಿತು. "ನಾಳೆನ ಮುಚ್ಚಿಬಿಡ್ತೀವಿ ಯವ್ವಾ. ಸಾವ್ಕಾರ್ರಿಗೆ ಹೇಳಬ್ಯಾಡ. ಇಲ್ಲಿಂದ ಎದ್ರ ನಮಗ ಜಾಗಿಲ್ಲ."

"ಮುಚ್ಚಿದ್ರ ನಾ ಈ ನೆಲ ಕೊಳ್ಳೂದಿಲ್ಲ."

ಮುದುಕಿಗೆ ಇದು ಬೈಗುಳವೋ ಸಮಾಧಾನವೋ ತಿಳಿಯಲಿಲ್ಲ. ಅವಳು ಹೊರಗೆ ಓಡಿ ಪಕ್ಕದ ಶೆಡ್ಡಿನ ಈಶಪ್ಪನನ್ನು ಕರೆತಂದಳು. ಬಯಲಿನ ನೇಕಾರರಲ್ಲಿ ಬಾಯಿ ಜೋರಿದ್ದವನು ಅವನೇ. ಹಿಂದೆ ಇನ್ನೂ ಹತ್ತಾರು ಮಂದಿ ಬಂದು ಬಾಗಿಲಿಗೆ ಕವಿದರು.

"ಯಾರ ಮನ್ಯಾಗ ಯಾರ್ರಿ ನೀವು ಕುಣ್ಯಾಗ ಇಳದು ಕುಂತೋರು?" ಎಂದ ಈಶಪ್ಪ.

"ಕಂಬಳಿ ನೇಯೋನ ಮಗಳಪಾ. ಕುಣಿ ಕಂಡ್ರ ಕಾಲು ಸುಮ್ಮನಿರೂದಿಲ್ಲ. ಮಳಿಗಾಲದಾಗ ಎಷ್ಟು ದಿನ ಮಗ್ಗ ನಿಂದರ್ತಾವು?"

ಈಶಪ್ಪನ ಸಿಟ್ಟು ಸಾವ್ಕಾರನ ಮೇಲಿನ ದೂರಾಗಿ ತಿರುಗಿತು. "ಎರಡು ತಿಂಗಳ್ರಿ! ಮ್ಯಾಲಿನ ರಸ್ತಾದ ನೀರೆಲ್ಲಾ ಇಲ್ಲೇ ಇಳೀತೈತಿ. ಕುಣಿ ಬಾವಿ ಆಗ್ತಾವು. ಬಾಡಿಗಿನೂ ನಿಂದರ್ತೈತಿ, ಗುಮಾಸ್ತ ಬಂದು ಬಾಯಿ ಮಾಡ್ತಾನ. ಮ್ಯಾಲಿನ ಕಲ್ಲ ನೆಲದ ಪಟ್ಟಿಯೊಳಗ ಒಂದು ಗಟಾರ ಕಡದ್ರ ತಪ್ಪತೈತಿ. ಪಟ್ಟಿ ಸಾವ್ಕಾರಂದ. ನಾವು ಕೇಳೂದು ಹ್ಯಾಂಗ? ಹಮಾಲ್ರಿಗೆ ಗಟಾರ ಯಾಕ ಅಂದ್ರ?"

ಬಾಗಿಲಲ್ಲಿದ್ದವರು ನಕ್ಕರು. ಬೀರವ್ವನೂ ನಕ್ಕಳು. ಸಕ್ರಪ್ಪನಿಗೆ ಮಾತ್ರ ನಗು ಬರಲಿಲ್ಲ. ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಬರುವ ಸಂಗತಿ ಸಾವ್ಕಾರ ಬಾಯಿ ಬಿಟ್ಟಿರಲಿಲ್ಲ. ಅಕ್ಕ ಅದನ್ನು ಕುಣಿಯಲ್ಲಿ ಕಾಲಿಟ್ಟು ಹೊರತೆಗೆದಿದ್ದಳು.

"ನೀವು ತಗೊಂಡ್ರ ಬಾಡಿಗಿ ಏರಸ್ತೀರೇನು?" ಈಶಪ್ಪ ಕೇಳಿದ.

"ಏರಸ್ತೀನಿ. ಗಟಾರ ಆದಮ್ಯಾಲೆ. ಎರಡು ತಿಂಗಳು ಹೆಚ್ಚಿಗಿ ನೇದ್ರ ಅದರಾಗ ನಂದೂ ಪಾಲೈತಿ."

ಗುಂಪು ಗೊಣಗಿತು. ಬಾನುಬಿ ಮಾತ್ರ ಅಲ್ಲಿಯವರೆಗೆ ನಿಂತಿದ್ದವಳು ಕುಣಿಯ ಅಂಚಿಗೆ ಬಂದು ಕೂತಳು. "ಏರಸೂದಿಲ್ಲ ಅಂದಿದ್ರ ಸುಳ್ಳು ಹೇಳ್ತಾಳಂತ ನಾ ಈಕಿನ್ನ ಹೊರಗ ಹಾಕ್ತಿದ್ದೆ," ಅಂದಳು.

ಆಗ ಬೀರವ್ವ ತನ್ನ ಮಾತು ಇಟ್ಟಳು. ಸೋಮವಾರ ಹತ್ತಿ ವ್ಯಾಪಾರಿ ಬರುತ್ತಾನೆ. ಅವನಿಗೆ ಬೇಕಾದದ್ದು ಖಾಲಿ ನೆಲ. ಅಂದು ಯಾರೂ ಕುಣಿ ಮುಚ್ಚಬಾರದು, ಮಗ್ಗ ನಿಲ್ಲಿಸಬಾರದು.

ಮಂದಿ ಈಶಪ್ಪನ ಮುಖ ನೋಡಿದರು. ಕೊನೆಗೆ ಈಶಪ್ಪನೇ ಅಂದ: "ಯಕ್ಕಾರ, ಅಂವ ಓಡಿ ಹೋಗ್ತಾನ, ಖರೆ. ಆಮ್ಯಾಲೆ ನೀವೂ ಬ್ಯಾಡಂದ್ರ? ಸಾವ್ಕಾರ ನಮ್ಮ ಕುಣಿ ನೋಡಿರ್ತಾನ. ನಮ್ಮನ್ನ ಇದ್ದಲ್ಲೇ ಹುಗೀತಾನ."

ಬೀರವ್ವ ಸಕ್ರಪ್ಪನ ಕಡೆ ಕೈ ಚಾಚಿದಳು. ಕುರಿ ಮಾರಿದ ದುಡ್ಡಿನ ಗಂಟು ಅವನ ನಡುವಿನಲ್ಲಿತ್ತು, ಅಂಗಿಯ ಒಳಗೆ. ಅವನು ಅರ್ಥವಾಗದವನಂತೆ ನೋಡಿದ.

"ಬಿಚ್ಚೋ."

"ಯಕ್ಕಾ, ಹುಚ್ಚು ಹಿಡದೈತೇನು ನಿನಗ?"

"ಬಿಚ್ಚಂದ್ನಲ್ಲ. ನಿನ್ನ ಪಾಲು ಇಟಗೊಂಡು ನಂದು ಕೊಡು."

ಸಕ್ರಪ್ಪ ಅಂಗಿ ಎತ್ತಿ ನಡುವಿನಿಂದ ಗಂಟು ತೆಗೆದ. ಪಾಲು ಬೇರೆ ಮಾಡಲು ಅವನಿಗೆ ನಾಚಿಕೆಯಾಯಿತು. ಇಡೀ ಗಂಟನ್ನೇ ಕೊಟ್ಟ. ಬೀರವ್ವ ಅದನ್ನು ಬಾನುಬಿಯ ಮಡಿಲಿಗೆ ಹಾಕಿದಳು.

"ಸೋಮವಾರ ಮಟ ನಿನ್ನ ಹಂತೇಲಿ ಇರ್ಲಿ. ನಾ ಮಾತಿಗೆ ತಪ್ಪಿದ್ರ ಇದು ನಿಮ್ಮದು. ಇದರಾಗ ಬ್ಯಾರೆ ಕಡೆ ನೆಲ ಹಿಡೀರಿ."

ಭಾನುವಾರ ಇಡೀ ದಿನ ಸಕ್ರಪ್ಪ ಬಯಲಿನ ಎದುರಿನ ಬೇವಿನ ಮರದ ಕೆಳಗೆ ಕೂತ. ಯಾವ ಬಂಡಿ ಆ ಕಡೆ ತಿರುಗಿದರೂ ಅವನು ಎದ್ದು ನಿಲ್ಲುತ್ತಿದ್ದ. ಇವರೆಲ್ಲ ತಗಡು ಬಿಚ್ಚಿ ಹೇರಿಕೊಂಡು ಹೋದರೆ? ಒಂದು ಹೊತ್ತು ಸಾಕು. ಬೀರವ್ವ ಬುತ್ತಿ ತಂದು ಅವನ ಪಕ್ಕದಲ್ಲಿ ಬಿಚ್ಚಿದಳು.

"ಎಷ್ಟ್ ಬಂಡಿ ಬಂದ್ವೋ?"

"ನಿನಗ ಚ್ಯಾಷ್ಟಿ. ಓಡಿ ಹ್ವಾದ್ರ?"

"ಹ್ವಾದ್ರ ನೆಲ ಖಾಲಿ. ಖಾಲಿ ನೆಲ ಕೊಂಡು ನಾ ಉಪವಾಸ ಸಾಯ್ತಿದ್ದೆ. ಓಡೋ ಮಂದಿ ಅಂತ ಕೊಂಡಮ್ಯಾಲೆ ತಿಳಿಯೂದು ಈಗ ತಿಳೀತು ಅನಕೋತೀನಿ." ಅವಳು ರೊಟ್ಟಿ ಮುರಿದು ಅವನ ಕೈಗಿಟ್ಟಳು. ಅವಳ ಕಣ್ಣೂ ಬಂಡಿಗಳ ದಾರಿಯ ಮೇಲೇ ಇದ್ದುದನ್ನು ಅವನು ಆಗ ನೋಡಿದ. ಅಕ್ಕನಿಗೂ ಭಯವಿತ್ತು. ಭಯವಿದ್ದೂ ಗಂಟು ಕೊಟ್ಟು ಬಂದಿದ್ದಳು. ಅವನಿಗೆ ಅವಳ ಮೇಲೆ ಮೊದಲಿಗಿಂತ ಹೆಚ್ಚು ಗೌರವ ಬಂತು.

ಸೋಮವಾರ ದೇವೇಂದ್ರಪ್ಪ ಹತ್ತಿ ವ್ಯಾಪಾರಿಯನ್ನು ಟಾಂಗಾದಲ್ಲಿ ಕರೆತಂದ. ಗುಮಾಸ್ತ ಹಿಂದಿನ ದಿನವೇ ಖಬರ ಕೊಟ್ಟು ಹೋಗಿದ್ದ. ಟಾಂಗಾ ನಿಂತಾಗ ಬಯಲು ಸದ್ದಿಲ್ಲದೆ ಬಿದ್ದಿತ್ತು. ಸಕ್ರಪ್ಪ ಅಕ್ಕನ ಕಡೆ ನೋಡಿದ. ಮಂದಿ ಹೆದರಿ ಕುಣಿ ಮುಚ್ಚಿಬಿಟ್ಟರು ಅಂದುಕೊಂಡ.

ಆಮೇಲೆ ಬಾನುಬಿಯ ಶೆಡ್ಡಿನಿಂದ ಒಂದು ಮಗ್ಗ ಬಡಿಯಿತು. ಲಾಳಿ ಓಡಿದ ಸದ್ದು, ಮಗ್ಗದ ಹಲಗೆ ಬಡಿದ ಸದ್ದು. ಈಶಪ್ಪನ ಶೆಡ್ಡು ಸೇರಿಕೊಂಡಿತು. ನಂತರ ಎದುರು ಸಾಲು, ಹಿಂದಿನ ಸಾಲು. ತಗಡಿನ ಗೋಡೆಗಳು ಗಡಗಡಿಸಿದವು. ಟಾಂಗಾದ ಕುದುರೆ ಕಿವಿ ನೆಟ್ಟಗೆ ಮಾಡಿತು.

ವ್ಯಾಪಾರಿ ಒಂದು ಶೆಡ್ಡಿಗೆ ಬಗ್ಗಿ ನೋಡಿದ, ಇನ್ನೊಂದಕ್ಕೆ ಬಗ್ಗಿ ನೋಡಿದ. ವಾಪಸು ಬಂದು ಟಾಂಗಾ ಹತ್ತಿದ.

"ನೆಲದಾಗ ಟೊಂಕದ ಮಟ ಇಳದು ಕುಂತಾರ್ರಿ ದೇವೇಂದ್ರಪ್ಪನವರ. ಇವರನ್ನ ಎಬ್ಬಸಾಕ ನಾ ಧಾರವಾಡದ ವಕೀಲರ ಬಾಗಲಾ ಕಾಯ್ಲೇನು?"

ಟಾಂಗಾ ಹೋಯಿತು. ದೇವೇಂದ್ರಪ್ಪ ಕೊಡೆ ನೆಲಕ್ಕೆ ಕುಟ್ಟುತ್ತ ಕೂಗಾಡಿದ. ಕೂಗಾಟವೇನೂ ಕೇಳಲಿಲ್ಲ, ಮಗ್ಗಗಳು ನಿಲ್ಲಲಿಲ್ಲ. ಅವನು ದಣಿಯುವವರೆಗೆ ಕಾದು ಬೀರವ್ವ ಹತ್ತಿರ ಹೋದಳು.

"ನಾ ತಗೋತೀನ್ರಿ ಸಾವ್ಕಾರ್ರ. ಮದಲಿನ ಬೆಲಿಗಿ ಅಲ್ಲ."

"ಇವರನ್ನ ಹೊತ್ತಗೊಂಡು ಏನ ಮಾಡ್ತಿಬೇ ನೀ?"

"ಅದು ನನ್ನ ತಲಿಬ್ಯಾನಿ. ಮ್ಯಾಲಿನ ಕಲ್ಲ ಪಟ್ಟಿನೂ ಸೇರಿಸಿ ಬರದುಕೊಡ್ರಿ."

"ಅದರಾಗ ಹುಲ್ಲೂ ಬೆಳಿಯೂದಿಲ್ಲ!"

"ಗೊತ್ತೈತ್ರಿ."

ದೇವೇಂದ್ರಪ್ಪ ಬಯಲನ್ನು ನೋಡಿದ, ಗದಗಿನ ರಸ್ತೆಯನ್ನು ನೋಡಿದ. ರಸ್ತೆಯಲ್ಲಿ ಬೇರೆ ಯಾರೂ ಬರುತ್ತಿರಲಿಲ್ಲ. ಎರಡು ಸಲ ಬೆಲೆ ಏರಿಸಲು ನೋಡಿ, ಒಂದು ಸಲ ಹೊರಟವನಂತೆ ಮಾಡಿ, ಕೊನೆಗೆ ಒಪ್ಪಿದ. ತಾನು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಿಗೇ ಒಪ್ಪಿಕೊಂಡಳು ಬೀರವ್ವ. ಕಾಗದ ನೋಂದಾಯಿಸುವಾಗ ಅವನು ಹಿಂದೆ ಸರಿಯಬಾರದೆಂದು.

"ಸಂಚಕಾರದ ಮುಂಗಡ ಈಗ ಕೊಡ್ತೀಯೇನು?"

"ಈಗ." ಅವಳು ತಿರುಗಿ ಕೂಗಿದಳು: "ಬಾನುಬೀ, ಗಂಟು ತಗೊಂಬಾರಬೇ!"

ಒಂದು ಮಗ್ಗ ನಿಂತಿತು. ಬಾನುಬಿ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಬೀರವ್ವ ಹಾಕಿದ ಗಂಟಿನ ಮೇಲೆ ಅವಳು ಇನ್ನೊಂದು ಗಂಟು ಬಿಗಿದಿದ್ದಳು, ಬಿಚ್ಚಲು ಸಕ್ರಪ್ಪನ ಹಲ್ಲೇ ಬೇಕಾಯಿತು. ದೇವೇಂದ್ರಪ್ಪ ಬಾಯಿ ತೆರೆದು ನೋಡುತ್ತ ನಿಂತ.

"ನಿನ್ನ ರೊಕ್ಕ ಇವರ ಮನ್ಯಾಗ ಯಾಕಿತ್ತು?"

ಬೀರವ್ವ ಮುಂಗಡ ಎಣಿಸಿ ಅವನ ಕೈಗಿಟ್ಟಳು. ಅಷ್ಟರಲ್ಲಿ ಈಶಪ್ಪ ಬಂದು ಅವಳ ಎದುರು ನಿಂತಿದ್ದ. ಗಟಾರ ತನ್ನ ಶೆಡ್ಡಿನ ಹಿಂದೆ ಬಾರದ ಹಾಗೆ ಕಡಿಸಬೇಕು, ಗೋಡೆ ಕುಸಿಯುತ್ತದೆ ಅಂದ. ಹಾಗಾದರೆ ನಮ್ಮ ಬಾಗಿಲ ಮುಂದೆ ಬರುತ್ತದಲ್ಲ ಎಂದು ಎದುರು ಸಾಲಿನ ಹೆಂಗಸೊಬ್ಬಳು ಎಗರಿ ಬಿದ್ದಳು. ಮೊದಲು ಬಾವಿಯ ಕಟ್ಟೆ ಮಾಡಿಸಲಿ, ಗಟಾರ ಆಮೇಲೆ ಎಂದ ಮತ್ತೊಬ್ಬ. ಹೊಸ ಒಡತಿಗೆ ಒಬ್ಬರೂ ಕೈ ಮುಗಿಯಲಿಲ್ಲ. ಎಲ್ಲರೂ ಒಟ್ಟಿಗೆ ಬಾಯಿ ಮಾಡುತ್ತಿದ್ದರು.

"ಯಕ್ಕಾ, ಇವರ ಕೂಡ ದಿನಾ ಇದ ಹಣೆಬರಹ ಏನು?" ಅಂದ ಸಕ್ರಪ್ಪ.

"ದಿನಾ," ಅಂದಳು ಬೀರವ್ವ. ಅವಳ ಮುಖ ಅರಳಿತ್ತು. ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಜಗಳವಾಡುವವರನ್ನೆಲ್ಲ ಹಿಂದೆ ಕಟ್ಟಿಕೊಂಡು ಅವಳು ಕಲ್ಲ ಪಟ್ಟಿಯ ಕಡೆ ಹತ್ತಿದಳು.