ಮೂಗುತಿಯ ಜಾಗ

ಹೂವಿನ ಹಿಪ್ಪರಗಿಯಲ್ಲಿ ಮರೆವ್ವನಿಗೆ ಎರಡು ಹೆಸರಿದ್ದವು. ಎದುರಿಗೆ ಮರೆವ್ವ, ಬೆನ್ನ ಹಿಂದೆ ಮೂಗುತಿ ತೆಗೆದಾಕಿ. ಎರಡಕ್ಕೂ ಆಕೆ ಹೊಂದಿಕೊಂಡಿದ್ದಳು.

ಹರೆಯದಲ್ಲಿ ಒಮ್ಮೆ ಆಕೆಯ ಮೂಗಿನೊಳಗೆ ಕುರು ಎದ್ದಿತ್ತು. ಮುಖ ಬಾತು ಕಣ್ಣು ಮುಚ್ಚಿಹೋದಾಗ ತೌರಿನಿಂದ ಬಂದಿದ್ದ ತಾಯಿ ಮೂಗುತಿಯ ತಿರುಪು ಬಿಚ್ಚಿ, ಕುರು ಒಡೆದು, ಅರಿಸಿನ ಮೆತ್ತಿದಳು. ಅದೇ ವಾರ ಗಂಡ ಯಂಕಪ್ಪ ಬಾವಿಯ ಹೂಳು ತೆಗೆಯಲು ಇಳಿದಿದ್ದಾಗ ದಂಡೆ ಕುಸಿಯಿತು. ಹೆಣ ಮೇಲೆ ಬಂದಾಗ ನೆರೆದ ಹೆಂಗಸರು ಮೊದಲು ನೋಡಿದ್ದು ಹೆಣವನ್ನಲ್ಲ, ಮರೆವ್ವನ ಮೂಗನ್ನು. ಗಂಡ ಸತ್ತ ಮೇಲೆ ಮೂಗುತಿ ತೆಗೆಯುವುದು ಊರ ರೂಢಿ. ಇವಳದನ್ನು ತೆಗೆಯುವ ಕೆಲಸವೇ ಯಾರಿಗೂ ಉಳಿದಿರಲಿಲ್ಲ.

ಮೂಗುತಿ ತೆಗೆದದ್ದಕ್ಕೇ ಗಂಡ ಸತ್ತನೆಂದು ಊರು ಆಡಿಕೊಂಡ ಮಾತಿಗೆ ಆಕೆ ಎಂದೂ ಎದುರಾಡಲಿಲ್ಲ. ಬಾವಿಯ ಮಣ್ಣು ಹಸಿಯಿತ್ತು, ಮೇಲಿನ ಕಲ್ಲು ಸಡಿಲಿತ್ತು, ಅದನ್ನು ಯಂಕಪ್ಪನೇ ಹೇಳಿದ್ದ. ಮನಸ್ಸಿನ ಒಂದು ಮಗ್ಗುಲು ಇದನ್ನು ನಂಬುತ್ತಿತ್ತು. ಇನ್ನೊಂದು ಮಗ್ಗುಲು ಏನೂ ಹೇಳದೆ ಸುಮ್ಮನೆ ಕೂತಿರುತ್ತಿತ್ತು. ತೊಟ್ಟಿಲಲ್ಲಿದ್ದ ಮಗ ಅಮಸಿದ್ದನನ್ನು ಬೆಳೆಸುವಷ್ಟರಲ್ಲಿ ಆಕೆಯ ಮೂಗಿನ ತೂತು ತಾನಾಗಿಯೇ ಮುಚ್ಚಿಕೊಂಡಿತು.

ಅಮಸಿದ್ದ ದೊಡ್ಡವನಾಗಿ, ಅಗರಖೇಡದ ಸುಂದರವ್ವ ಸೊಸೆಯಾಗಿ ಬಂದಳು. ಮಾತು ಕಡಿಮೆ, ಕೆಲಸ ಚುರುಕು. ಮೂಗಿನಲ್ಲಿ ತೌರವರು ಇಟ್ಟ ಕೆಂಪು ಹರಳಿನ ಮೂಗುತಿ. ಮನೆಯ ಹಿತ್ತಿಲಿಗೇ ಕಣವಿತ್ತು. ಮಾಘದಲ್ಲಿ ಜೋಳದ ತೆನೆ ಕಣಕ್ಕೆ ಬಿದ್ದು, ಎತ್ತುಗಳು ಕಣದ ನಡುವಿನ ಕಂಬ ಮೇಟಿಯನ್ನು ಸುತ್ತತೊಡಗಿದವೆಂದರೆ ಸುಂಕು ಏಳುತ್ತದೆ. ತೆನೆಯಿಂದ ಹಾರುವ ಆ ಸಣ್ಣ ಧೂಳು ಮೈಗೆ ಹತ್ತಿದರೆ ತುರಿಕೆ, ಗಂಟಲಿಗೆ ಹತ್ತಿದರೆ ಕೆಮ್ಮು. ಸುಂದರವ್ವನಿಗೆ ಮಾತ್ರ ಅದು ಅಷ್ಟಕ್ಕೆ ನಿಲ್ಲಲಿಲ್ಲ. ಮೂಗು ಕಟ್ಟಿ, ಎದೆಯಲ್ಲಿ ಸೀಟಿ ಹಾಕಿದಂತೆ ಸದ್ದು ಬಂದು, ಮೊಣಕಾಲ ಮೇಲೆ ಕೈ ಊರಿ ಕೂತುಬಿಡುತ್ತಿದ್ದಳು. ಮೊದಲ ವರ್ಷ ನೆಗಡಿ ಎಂದುಕೊಂಡರು. ಈ ವರ್ಷ ಅದಕ್ಕೆ ದಮ್ಮು ಬಿಟ್ಟು ಬೇರೆ ಹೆಸರು ಉಳಿದಿರಲಿಲ್ಲ. ತೌರಿಗೆ ಕಳಿಸೋಣವೆಂದರೆ ಅಗರಖೇಡದಲ್ಲೂ ಅದೇ ಸುಗ್ಗಿ, ಅದೇ ಸುಂಕು.

ಅಮಸಿದ್ದ ಅವ್ವನನ್ನೂ ಹೆಂಡತಿಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಾಗೇವಾಡಿಗೆ ಹೋದ. ಅಲ್ಲಿ ಫಕ್ರುದ್ದೀನನೆಂಬ ಕಂಪೌಂಡರ ಔಷಧದ ಅಂಗಡಿ ಇಟ್ಟಿದ್ದ. ಸುಂದರವ್ವನ ಬೆನ್ನಿಗೆ ಕಿವಿಗೊಟ್ಟು ಕೇಳಿದ, ಗುಳಿಗೆ ಕೊಟ್ಟ. ಆಮೇಲೆ ಕಪಾಟಿನಿಂದ ಸಣ್ಣದೊಂದು ಡಬ್ಬಿ ತೆಗೆದ. ಡಬ್ಬಿಯಲ್ಲಿ ಕಡಲೆಕಾಳಿನಷ್ಟು ದಪ್ಪದ, ಮೈತುಂಬ ತೂತಿದ್ದ ಎರಡು ಬಟ್ಟಲು. ನಡುವೆ ಬಾಗಿದ ಒಂದು ತಂತಿ. ಬಟ್ಟಲಲ್ಲಿ ಅರಳೆ ಇಟ್ಟು, ಕರ್ಪೂರ ಕರಗಿಸಿದ ನೀಲಗಿರಿ ಎಣ್ಣೆ ಒಂದೊಂದು ಹನಿ ಬಿಟ್ಟು, ಎರಡೂ ಹೊರಳೆಗಳಲ್ಲಿ ಕೂರಿಸಿಕೊಳ್ಳಬೇಕು. ತಂತಿ ನಡುಮೂಗನ್ನು ಹಿಡಿದು ನಿಲ್ಲುತ್ತದೆ. ಸೊಲ್ಲಾಪುರದಲ್ಲಿ ಹತ್ತಿಯ ಧೂಳಿನಲ್ಲಿ ದುಡಿಯುವ ಗಿರಣಿಯ ಆಳುಗಳಿಗೆಂದು ಬಂದದ್ದಂತೆ. ಫಕ್ರುದ್ದೀನ ಅಂಥದೇ ಇನ್ನೊಂದನ್ನು ತನ್ನ ಮೂಗಿಗೆ ಸಿಕ್ಕಿಸಿಕೊಂಡು, ಗೊಗ್ಗರು ದನಿಯಲ್ಲಿ, ಇದನ್ನು ಹಾಕಿಕೊಂಡೇ ರೊಟ್ಟಿ ಬಡಿಯಬಹುದು, ನೀರು ಹೊರಬಹುದು ಎಂದು ತಿಳಿಸಿದ. ದಮ್ಮು ಬೇರಿನಿಂದ ಹೋಗುತ್ತದೆ ಎಂದು ಅವನು ಸುಳ್ಳು ಹೇಳಲಿಲ್ಲ. ಸುಂಕನ್ನು ಬಾಗಿಲಲ್ಲೇ ತಡೆಯುತ್ತದೆ, ಕಟ್ಟಿದ ಮೂಗನ್ನು ತೆರೆಯುತ್ತದೆ, ಸುಗ್ಗಿ ದಾಟಿಸುತ್ತದೆ ಎಂದನಷ್ಟೆ. ದಾಟದಿದ್ದರೆ ಏನು ಎಂದು ಅಮಸಿದ್ದ ಕೇಳಿದಾಗ, ಎದೆ ಬಹಳ ದಣಿದಿದೆ, ಇನ್ನೊಂದು ಜೋರಿನದು ಬಂದರೆ ತಡೆಯುವುದು ಕಷ್ಟ ಎಂದು ದನಿ ತಗ್ಗಿಸಿ ಹೇಳಿದ.

ಸುಂದರವ್ವನ ಮೂಗಿಗೆ ಅದನ್ನು ಇಡಲು ಹೋದರೆ ಎಡಗಡೆಯ ಬಟ್ಟಲು ವಾರೆಯಾಗಿ ನಿಂತಿತು. ಬಿಟ್ಟ ಕೂಡಲೇ ಉದುರಿ ಆಕೆಯ ಮಡಿಲಿಗೆ ಬಿತ್ತು. ಫಕ್ರುದ್ದೀನ ಮತ್ತೊಮ್ಮೆ ಇಟ್ಟ, ಮತ್ತೆ ಬಿತ್ತು.

"ಮೂಗುತಿ ತೆಗೀಬೇಕಾಗ್ತೈತ್ರಿ ಅವ್ವಾರ," ಎಂದ ಅವನು ಮರೆವ್ವನಿಗೆ. "ಒಳಗಿನ ತಿರುಪು ಅಡ್ಡ ಬರಾಕತ್ತೈತಿ. ಇದು ಗಂಡಸರ ಮೂಗಿಗೆ ಮಾಡಿದ್ದು ನೋಡ್ರಿ."

ಸುಂದರವ್ವ ಎಡಗೈಯಿಂದ ಮೂಗು ಮುಚ್ಚಿಕೊಂಡು ಅತ್ತೆಯ ಮುಖ ನೋಡಿದಳು. ಅಮಸಿದ್ದ ಹೆಂಡತಿಯ ಕಡೆ ತಿರುಗಿದ.

"ತಗಿ ಅದನ್ನ. ಸಾವು ನಿನ್ನ ಮೂಗು ನೋಡಿ ನನ್ನ ಹುಡುಕ್ಕೊಂಡು ಬರ್ತೈತೇನು?"

ಮರೆವ್ವ ಥಟ್ಟನೆ ಮಗನ ಬಾಯಿ ಮುಚ್ಚಿದಳು. ಬೇಡ ಎಂದಳು. ಸುಂದರವ್ವನೂ ಬೇಡವೆಂದು ತಲೆಯಾಡಿಸಿದಳು. ಇಬ್ಬರು ಹೆಂಗಸರು ಒಂದಾದ ಮೇಲೆ ಅಮಸಿದ್ದನ ಮಾತು ನಡೆಯಲಿಲ್ಲ. ಡಬ್ಬಿಯನ್ನೇನೋ ಕೊಂಡರು. ದಾರಿಯುದ್ದಕ್ಕೂ ಅವನು ಎತ್ತುಗಳ ಜೊತೆ ಬಿಟ್ಟು ಯಾರ ಜೊತೆಯೂ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ಪಕ್ಕದ ಮನೆಯ ಪೀರಬಿ ಅದನ್ನು ಬೆರಳ ತುದಿಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು. "ಎತ್ತಿಗೆ ಮೂಗುದಾರ ಆತು, ಈಗ ಸೊಸಿಗೂ ತಂದೀಯೇನ ಮರೆವ್ವಾ?" ಎಂದು ನಕ್ಕಳು. ಸಂಗತಿ ತಿಳಿದ ಮೇಲೆ ನಗು ನಿಲ್ಲಿಸಿ ದಾರಿಯನ್ನೂ ಹುಡುಕಿದಳು. ಮದ್ದು ಇರುವುದು ವಾಸನೆಯಲ್ಲಿ ತಾನೆ? ಮೂಗಿನಲ್ಲೇ ಇರಬೇಕೆಂದು ಏನಿದೆ? ತಮ್ಮ ಮಕ್ಕಳಿಗೆ ದರ್ಗಾದ ತಾಯಿತ ಕಟ್ಟುವ ಹಾಗೆ ಕರಿದಾರದಲ್ಲಿ ಕೊರಳಿಗೆ ಕಟ್ಟಿದರಾಯಿತು. ಮರೆವ್ವನಿಗೆ ಈ ಮಾತು ಬಿಸಿಲಲ್ಲಿ ನೆರಳು ಸಿಕ್ಕಂತಾಯಿತು. ಮೂಗುತಿ ಮೂಗಿನಲ್ಲಿ, ಮದ್ದು ಕೊರಳಲ್ಲಿ. ದೇವರೂ ಉಳಿದ, ಕಂಪೌಂಡರನೂ ಉಳಿದ.

ಅಂದಿನಿಂದ ಸುಂದರವ್ವ ಅದನ್ನು ತಾಳಿಯ ಪಕ್ಕದಲ್ಲೇ ಧರಿಸಿದಳು. ಮರೆವ್ವ ಬೆಳಗಾದರೆ ಎಣ್ಣೆ ಬಿಡುತ್ತಿದ್ದಳು. ಮನೆಯೆಲ್ಲ ಕರ್ಪೂರದ ವಾಸನೆ. ಗಾಳಿ ಬೀಸದ ದಿನಗಳಲ್ಲಿ ಸೊಸೆ ಸ್ವಲ್ಪ ಹಗುರಾದಂತೆ ಕಂಡಳು. ಅದು ಮದ್ದಿನ ಗುಣವೋ ಗಾಳಿಯ ದಯವೋ ಯಾರೂ ವಿಚಾರಿಸಲಿಲ್ಲ. ಒಳ್ಳೆಯದನ್ನು ಕೆದಕಿ ನೋಡಬಾರದು ಎಂದು ಮರೆವ್ವ ಸುಮ್ಮನಿದ್ದಳು.

ಆ ನಡುವೆ ಎತ್ತೊಂದು ಕುಂಟಿತು. ಆಲಮೇಲದ ಸೋದರಮಾವ ಒಂದು ಹೋರಿ ಕೊಡುತ್ತೇನೆಂದು ಹೇಳಿ ಕಳಿಸಿದ್ದ. ಹೋಗುವಾಗ ಸಿಂದಗಿಯವರೆಗೆ ಬಸ್ಸು, ಅಲ್ಲಿಂದ ಇನ್ನೊಂದು. ಬರುವಾಗ ಹೋರಿಯ ಜೊತೆ ನಡಿಗೆ. ಅಮಸಿದ್ದ ಹೊರಟ. ಕಣದ ಕೆಲಸವನ್ನು ಯಂಕಪ್ಪನ ಅಣ್ಣ, ಅಂದರೆ ಮರೆವ್ವನ ಭಾವನ ಮನೆಯವರು ನೋಡಿಕೊಂಡರು. ಎರಡು ಮನೆಗೂ ಕಣ ಒಂದೇ.

ಅವನು ಹೋದ ಮರುದಿನ ಪಡುವಣ ಗಾಳಿ ಎದ್ದಿತು. ತೂರುವವರಿಗೆ ಅದು ಹೇಳಿ ಕಳಿಸಿದರೂ ಬಾರದಂಥ ಗಾಳಿ. ಭಾವನ ಮಕ್ಕಳು ತೂರುಕಟ್ಟೆ ಹತ್ತಿ ಮೊರ ಎತ್ತಿದರು. ಕಾಳು ಕೆಳಗೆ ಬಿತ್ತು, ಹೊಟ್ಟು ಮತ್ತು ಸುಂಕು ಮೋಡದ ಹಾಗೆ ಹಿತ್ತಿಲ ಬಾಗಿಲಿಗೆ ಬಂದವು. ಮರೆವ್ವ ಬಾಗಿಲು ಹಾಕಿ ಸಂದಿಗೆ ಅರಿವೆ ತುರುಕಿದಳು. ಹೆಂಚಿನ ಸಂದಿಗೆ ಏನು ತುರುಕುವುದು?

ಸುಂದರವ್ವ ಮೊದಲು ಕೆಮ್ಮಿದಳು. ಆಮೇಲೆ ಕೆಮ್ಮಲೂ ಆಗಲಿಲ್ಲ. ಕೊರಳಲ್ಲಿದ್ದುದನ್ನು ಎತ್ತಿ ಮೂಗಿಗೆ ಒತ್ತಿಕೊಂಡಳು, ಕೈ ಸೋತು ಜಾರಿತು. ಮರೆವ್ವ ತಾನೇ ಹಿಡಿದಳು. ಬಟ್ಟಲಿನ ಸುತ್ತಲೂ ಜಾಗವಿತ್ತು, ಅಲ್ಲಿಂದ ಸುಂಕು ನುಗ್ಗುತ್ತಿತ್ತು. ಗುಳಿಗೆ ನುಂಗಿಸಿದರೆ ನೀರಿನ ಜೊತೆಗೇ ಹೊರಬಂತು. ಸೊಸೆಯ ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಾಯಿತು. ಕಣ್ಣುಗಳು ಮಾತ್ರ ಅತ್ತೆಯ ಮೇಲೆಯೇ ಇದ್ದವು. ಆ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ. ಮರೆವ್ವನ ಕೈ ಮೂಗುತಿಯ ಕಡೆಗೆ ಸರಿದಾಗ ಆಕೆ ಉಳಿದ ಶಕ್ತಿಯನ್ನೆಲ್ಲ ಸೇರಿಸಿ ಆ ಕೈಯನ್ನು ಹಿಡಿದಳು. ಬೇಡವೆಂದು ತಲೆಯಾಡಿಸಿದಳು. ಗಂಡ ದಾರಿಯಲ್ಲಿದ್ದಾನೆ.

ಮರೆವ್ವನಿಗೂ ಅದೇ ಕಂಡಿತು. ಸಿಂದಗಿಯ ದಾರಿ, ಒಬ್ಬಂಟಿ ಮಗ, ಪಳಗದ ಹೋರಿ. ಇತ್ತ ಈ ಹುಡುಗಿ. ಆಕೆಯ ಬೆರಳುಗಳು ತನ್ನ ಕೈಯ ಮೇಲೆ ತಣ್ಣಗಾಗುತ್ತಿದ್ದವು. ಒಬ್ಬ ಅಲ್ಲಿ ಸಾಯಬಹುದು, ಇವಳು ಇಲ್ಲಿ ಸಾಯುತ್ತಿದ್ದಾಳೆ. ಮರೆವ್ವ ಬೇರೆ ಏನನ್ನೂ ಯೋಚಿಸಲಿಲ್ಲ. ಪೀರಬಿಯನ್ನು ಕೂಗಿ ಕರೆದು, ಇಬ್ಬರೂ ಸೇರಿ ಸುಂದರವ್ವನನ್ನು ಮುಂಬಾಗಿಲಿನ ಕಟ್ಟೆಗೆ ತಂದು ಕೂರಿಸಿದರು. ಅಲ್ಲಿ ಸುಂಕು ಕಡಿಮೆ. ಆದರೆ ಮರೆವ್ವ ತಂದದ್ದು ಅದಕ್ಕಷ್ಟೇ ಅಲ್ಲ. ಅಲ್ಲಿ ಓಣಿಯ ಕಣ್ಣೆಲ್ಲ ಬೀಳುತ್ತದೆ.

ಕಣದಿಂದ ನೆಗೆಣ್ಣಿ ಓಡಿಬಂದಳು. ಮರೆವ್ವನಿಗಿಂತ ಹಿರಿಯಳು, ಭಾವನ ಹೆಂಡತಿ. ಮರೆವ್ವ ಕುಸುಬಿ ಎಣ್ಣೆಯಲ್ಲಿ ಬೆರಳು ಅದ್ದುವುದನ್ನು ನೋಡಿ ಏನು ನಡೆಯಲಿದೆ ಎಂದು ಆಕೆಗೆ ಕೂಡಲೇ ತಿಳಿಯಿತು.

"ನಿಂದು ಒಂದ ಸಾಲಲಿಲ್ಲೇನು?" ಎಂದಳು. "ಅದೂ ರಂಡಿಮುಂಡಿ ಕೈಲೆ."

ಮರೆವ್ವ ಸೊಸೆಯ ಕೈಯನ್ನು ಮೂಗಿನಿಂದ ಬಿಡಿಸಿ ಮಡಿಲಲ್ಲಿಟ್ಟಳು.

"ನೀ ತೆಗೀಬ್ಯಾಡ. ಮುಟ್ಟೂ ಬ್ಯಾಡ," ಎಂದಳು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನಾನ ತೆಗೀತೇನಿ. ಎಲ್ಲಾರೂ ನೋಡ್ರಿ, ಮರೆವ್ವ ತೆಗದ್ಳು. ಏನರ ಆದ್ರ ನನ್ನ ಅನ್ರಿ, ಈಕೀನ್ನ ಅನಬ್ಯಾಡ್ರಿ. ನನಗ ರೂಢಿ ಐತಿ."

ತಿರುಪು ವರ್ಷಗಟ್ಟಲೆ ಅಲುಗದೆ ಬಿಗಿದುಕೊಂಡಿತ್ತು. ಎಣ್ಣೆ ಹಚ್ಚಿ, ಉಗುರಿನಿಂದ ಹಿಡಿದು, ತಿರುಗಿಸಿದಳು. ಜಾರಿತು. ಮತ್ತೆ ಹಿಡಿದಳು. ಪೀರಬಿ ಸುಂದರವ್ವನ ತಲೆಯನ್ನು ಎದೆಗಾನಿಸಿಕೊಂಡು ಏನೋ ಓದಿಕೊಳ್ಳುತ್ತಿದ್ದಳು. ಕೊನೆಗೆ ತಿರುಪು ಒಂದು ಸುತ್ತು ಸಡಿಲಿತು. ಕೆಂಪು ಹರಳು ಮರೆವ್ವನ ಅಂಗೈಗೆ ಬಂತು, ಎಣ್ಣೆಯಲ್ಲಿ ಮಿಂದು, ಜೋಳದ ಕಾಳಿಗಿಂತ ಹಗುರಾಗಿ.

ಪೀರಬಿಗೆ ಆಗ ನೆನಪಾಯಿತು. ತೂತಿಗೆ ಬೇವಿನ ಕಡ್ಡಿಯಾದರೂ ಸಿಕ್ಕಿಸೋಣ, ಬರಿಮೂಗು ಬೇಡ ಎಂದಳು. ಮರೆವ್ವ, ತನ್ನ ತಾಯಿಯೂ ಅಂದು ಬೇವಿನ ಕಡ್ಡಿ ಇಟ್ಟಿದ್ದಳು, ಊರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಹೇಳಿದಳು. ಹೇಳುತ್ತಲೇ ಬಟ್ಟಲುಗಳಿಗೆ ಹನಿ ಬಿಟ್ಟು, ಎರಡನ್ನೂ ಹೊರಳೆಗಳಲ್ಲಿ ಕೂರಿಸಿದಳು. ಈ ಸಲ ವಾರೆಯಾಗಲಿಲ್ಲ.

ದಮ್ಮು ಒಮ್ಮೆಲೇ ಇಳಿಯುವಂಥದಲ್ಲ. ಬಿಸಿನೀರಿನಲ್ಲಿ ಗುಳಿಗೆ ಕಲಸಿ ಚಮಚದಿಂದ ಕುಡಿಸಿದರು, ಬೆನ್ನು ನೀವಿದರು. ಬಿಸಿಲು ಕಟ್ಟೆಯಿಂದ ಕೆಳಗಿಳಿಯುವ ಹೊತ್ತಿಗೆ ಸೀಟಿಯ ಸದ್ದು ತೆಳುವಾಯಿತು. ತುಟಿಗೆ ಬಣ್ಣ ಬಂತು. ಸುಂದರವ್ವ ಮೊದಲು ಆಡಿದ ಮಾತು ಅವರು ಬಂದರೇ ಎಂಬುದು. ಇಲ್ಲವೆಂದು ತಿಳಿದು ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಮೂಗು ತುಂಬಿ ಬಟ್ಟಲು ಕಳಚಿಬಿತ್ತು. ಅಳಬೇಡ, ಅತ್ತರೆ ಮತ್ತೆ ಕಟ್ಟುತ್ತದೆ ಎಂದು ಮರೆವ್ವ ಗದರಿಸಿ, ಅರಿವೆಯಿಂದ ಒರೆಸಿ, ಮತ್ತೆ ಸಿಕ್ಕಿಸಿದಳು.

ತೂರುವುದು ಅಂದಿಗೆ ನಿಂತಿತು. ಬರಿಮೂಗಿನ ಮುತ್ತೈದೆ ಇರುವ ಮನೆಯ ಕಣದಲ್ಲಿ ರಾಶಿ ಮುಟ್ಟುವುದಿಲ್ಲವೆಂದು ನೆಗೆಣ್ಣಿ ಮಕ್ಕಳನ್ನು ಕರೆದುಕೊಂಡು ಹೋದಳು. ಮಗ ಬರುವವರೆಗೆ ಮರೆವ್ವ ಅನ್ನ ಮುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು ಸಿಂದಗಿಯ ಕಡೆಯ ದಾರಿ ನೋಡಿದಳು. ಅಲ್ಲಿಂದ ಬಂದ ಗಾಡಿಯವರನ್ನು ತಡೆದು ಕೇಳಲು ಧೈರ್ಯವಾಗಲಿಲ್ಲ. ಯಾರಾದರೂ ಅವಸರದಲ್ಲಿ ಈ ಕಡೆಗೆ ನಡೆದರೆ ಎದ್ದು ನಿಲ್ಲುತ್ತಿದ್ದಳು. ಎದುರು ಮನೆಯ ಹೆಂಗಸರೂ ಅಂದು ಕಾರಣವಿಲ್ಲದೆ ಬಾಗಿಲಲ್ಲಿ ನಿಂತಿದ್ದರು. ಅವರೂ ಅದೇ ದಾರಿ ನೋಡುತ್ತಿದ್ದಾರೆಂದು ಆಕೆಗೆ ಗೊತ್ತಿತ್ತು.

ಅಮಸಿದ್ದ ಬಂದ. ಮೊಣಕಾಲವರೆಗೆ ಧೂಳು, ಹೆಗಲ ಮೇಲೆ ಹಗ್ಗ, ಹಿಂದೆ ಬಿಳಿಯ ಹೋರಿ. ಹೆಂಡತಿಯ ಮೂಗು ನೋಡಿದ, ಅವ್ವನ ಮುಖ ನೋಡಿದ. ಯಾರು ತೆಗೆದರೆಂದು ಓಣಿಯ ತುದಿಯಲ್ಲೇ ಅವನ ಕಿವಿಗೆ ಬಿದ್ದಿತ್ತು.

"ಛಲೋ ಮಾಡಿದಿ ಬೇ," ಎಂದ. ಅಷ್ಟು ಹೇಳಿ, ನೀರು ಕುಡಿದು, ಹೋರಿಗೆ ಕಣ ರೂಢಿ ಮಾಡಿಸಬೇಕೆಂದು ಹಿತ್ತಿಲಿಗೆ ನಡೆದ. ದೊಡ್ಡಪ್ಪನ ಮಕ್ಕಳು ಬಾರದಿದ್ದರೆ ತಾನೊಬ್ಬನೇ ಮಾಡುತ್ತೇನೆ ಎಂಬಂತಿತ್ತು ಅವನ ನಡಿಗೆ.

ಮಗ ಕಣ್ಣಿಗೆ ಬಿದ್ದರೆ ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು ಮರೆವ್ವ. ಇಳಿಯಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಳು. ಹೋರಿ ಮೇಟಿಗೆ ಒಗ್ಗದೆ ತಲೆ ಕೊಡವುತ್ತಿತ್ತು. ಅದರ ಕೊಂಬಿನ ತುದಿ ಅಮಸಿದ್ದನ ಪಕ್ಕೆಗೆ ಗೇಣು ದೂರದಲ್ಲಿ ಹೋಗಿ ಬರುತ್ತಿತ್ತು. ಇವತ್ತು ಇದನ್ನು ನೋಡಬೇಕು, ನಾಳೆ ಅವನು ಬಣವೆ ಹತ್ತುವುದನ್ನು ನೋಡಬೇಕು. ಈ ಸುಗ್ಗಿ ಮುಗಿದರೆ ಮುಂದಿನದು. ಅವನು ಹೊಸ್ತಿಲು ದಾಟಿದಾಗಲೆಲ್ಲ ಇಷ್ಟೇ. ತಾನು ಬದುಕಿರುವತನಕ ಇದು ಮುಗಿಯುವಂಥದಲ್ಲ.

ಹೋರಿಯ ಕಾಲಿಗೆ ಸುಂಕು ಏಳತೊಡಗಿತು.

"ಅತ್ತೀ," ಒಳಗಿನಿಂದ ಸುಂದರವ್ವ ಕರೆದಳು, "ವಾಸನಿ ಹೋಗೇತಿ ನೋಡ್ರಿ."

ಮರೆವ್ವ ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಬಾಗಿಲು ಮುಂದೆ ಮಾಡಿ, ಒಳಗೆ ಹೋಗಿ ಗೂಡಿನಿಂದ ಸೀಸೆ ತಂದಳು. ಬಟ್ಟಲಿನ ಬಾಯಿ ಸಣ್ಣದು. ಹನಿ ಸರಿಯಾಗಿ ಬೀಳಬೇಕಾದರೆ ಕಣ್ಣು ಅರಳೆಯ ಮೇಲೆಯೇ ಇರಬೇಕು. ಆಕೆ ಕಣದ ಕಡೆಗೆ ಬೆನ್ನು ಮಾಡಿ ಕೂತು, ಸೀಸೆಯನ್ನು ಮೆಲ್ಲಗೆ ಬಾಗಿಸಿದಳು.